ಕಾಗದದ ಅಂಚಿನ ಬರಹ

ನಾನು ಮಳವಳ್ಳಿ ಕಡೆಯವನು. ಎಂಬತ್ತರ ದಶಕದ ಕೊನೆಗೆ ಬೆಂಗಳೂರಿನ ಒಂದು ಶರೀರಕ್ರಿಯಾ ಪ್ರಯೋಗಾಲಯಕ್ಕೆ ಟೆಕ್ನಿಷಿಯನ್ ಆಗಿ ಸೇರಿದಾಗ ಅಲ್ಲಿ ಪಾಲಿಗ್ರಾಫ್ ಯಂತ್ರದ್ದೇ ದರ್ಬಾರು. ಮನಸ್ಸು ಕಲಕಿದಾಗ ಮೈ ಏನು ಮಾಡುತ್ತದೆ ಎಂಬುದನ್ನು, ಎದೆಬಡಿತ, ಉಸಿರು, ಅಂಗೈ ಬೆವರು, ಮಿದುಳಿನ ಅಲೆ ಎಲ್ಲವನ್ನೂ, ಶಾಯಿ ಪೆನ್ನುಗಳು ಓಡುವ ಕಾಗದದ ಮೇಲೆ ಗೀಚುತ್ತಿದ್ದವು. ಮಿದುಳಿನ ಅಲೆಯ, ಅಂದರೆ ಇಇಜಿಯ, ಕಾಗದದ ವೇಗ ಸೆಕೆಂಡಿಗೆ 30 ಮಿಲಿಮೀಟರ್. ಅಂದರೆ ಗಂಟೆಗೆ ನೂರೆಂಟು ಮೀಟರ್! ಕಟ್ಟುಗಳು ಬೀರು ತುಂಬಿ, ಬೀರುವಿನ ತಲೆಯೇರಿ, ಕೊನೆಗೆ ಮೆಟ್ಟಿಲ ಕೆಳಗೂ ಸೇರಿಕೊಂಡವು.

ಈ ವಿದ್ಯೆ ನಮ್ಮಲ್ಲಿ ತೀರಾ ಹೊಸದೇನಲ್ಲ. 1935ರಲ್ಲೇ ಫ್ರಾನ್ಸಿನ ವೈದ್ಯೆ ತೆರೆಸ್ ಬ್ರೋಸ್ ಇಸಿಜಿ ಯಂತ್ರ ಹೊತ್ತು ಭಾರತಕ್ಕೆ ಬಂದು ಯೋಗಿಗಳ ಎದೆಬಡಿತ ದಾಖಲಿಸಿದ್ದರು. ನನ್ನ ಕಾಲಕ್ಕೆ ನಿಮ್ಹಾನ್ಸ್‌ನಲ್ಲಿ ಟಿ. ದೇಸಿರಾಜು, ಶೆರ್ಲಿ ಟೆಲ್ಲಿಸ್ ಧ್ಯಾನಿಗಳ ಮೇಲೆ ಇದೇ ಕೆಲಸ ಮಾಡುತ್ತಿದ್ದರು. ರಾಜಯೋಗ ಧ್ಯಾನದ ಕುರಿತ ಅವರ ಪ್ರಬಂಧ 1993ರಲ್ಲಿ ಬಂತು.

ನಮ್ಮ ಲ್ಯಾಬಿಗೆ ಇಂಥ ಅಳತೆಗೆಂದು ಮಂಡ್ಯ, ಮದ್ದೂರು ಕಡೆಯ ರೈತರು ಬರುತ್ತಿದ್ದರು. ಬೆಳಗ್ಗಿನ ರೈಲಿಗೆ ಬಂದ ಒಬ್ಬರ ಎದೆಬಡಿತ ಯಾಕೋ ಇಳಿಯಲೊಲ್ಲದು.

"ಯಜಮಾನ್ರೇ, ಕಾಫಿ ಏನಾದ್ರೂ ಕುಡಿದ್ರಾ?"

"ಮದ್ದೂರು ಟೇಸನ್ನಲ್ಲಿ ವಡೆ ಜೊತೇಲಿ ಒಂದ್ಲೋಟ ಕುಡ್ದೆ ಕಣಪ್ಪ. ಅದೂ ಗೊತ್ತಾಯ್ತದಾ ನಿನ್ ಮಿಸಿನ್‌ಗೆ?"

ಕಾಗದದ ಅಂಚಿನಲ್ಲಿ ಪೆನ್ಸಿಲಿನಿಂದ ಬರೆದೆ: ಕಾಫಿ, ವಡೆ, ಬೀಡಿ ಇಲ್ಲ. ಅವರ ಬೆರಳಿಗೆ ಎಲೆಕ್ಟ್ರೋಡ್ ಕಟ್ಟಿದರೆ ಚರ್ಮದ ರೇಖೆ ಅಲುಗಲೇ ಇಲ್ಲ. ಕಬ್ಬು ಕಡಿದು ಜಡ್ಡುಗಟ್ಟಿದ ಕೈ ಅದು. ಬೆವರಿನ ಸುಳಿವನ್ನು ಅದು ಸುಲಭಕ್ಕೆ ಬಿಟ್ಟುಕೊಡುವುದಿಲ್ಲ. ಅಂಗಾಲಿನ ಒಳಗುಳಿಗೆ ಕಟ್ಟಿದ ಮೇಲೆ ರೇಖೆಗೆ ಜೀವ ಬಂತು. ಅದನ್ನೂ ಅಂಚಿನಲ್ಲಿ ಬರೆದೆ. ಕೆಮ್ಮಿದ್ದು, ಬಾಗಿಲು ಬಡಿದದ್ದು, ಆಚೆ ಲಾರಿ ಹಾರ್ನ್ ಹೊಡೆದದ್ದು, ಎಲ್ಲಕ್ಕೂ ಅಲ್ಲಿ ಜಾಗವಿತ್ತು.

ಇನ್ನು ಕರೆಂಟಿನ ಕಾಟ. ನಮ್ಮ ತಾಲ್ಲೂಕಿನ ಶಿವನಸಮುದ್ರದಲ್ಲಿ 1902ರಲ್ಲಿ ಹುಟ್ಟಿ ಕೋಲಾರದ ಗಣಿಗೆ ಹರಿದ ವಿದ್ಯುತ್ತು ಸೆಕೆಂಡಿಗೆ 25 ಆವರ್ತದ್ದು; ನಾನು ಕೆಲಸಕ್ಕೆ ಸೇರುವಾಗ ಎಲ್ಲೆಡೆ 50. ಅರ್ಥಿಂಗ್ ಸರಿಯಿಲ್ಲದಿದ್ದರೆ ಆ ಐವತ್ತು ಇಸಿಜಿ ರೇಖೆಯ ಮೇಲೆ ನವಿರು ಕೂದಲಿನ ಹಾಗೆ ಎದ್ದು ಕೂರುತ್ತಿತ್ತು. "ನಿಮ್ಮೂರ ಕರೆಂಟು ಬಂತು ನೋಡ್ರೀ" ಎಂದು ನಮ್ಮ ಲ್ಯಾಬಿನ ಮೇಷ್ಟರು ನಗುವರು. ನಾನು ಎದ್ದು ಟ್ಯೂಬ್‌ಲೈಟ್ ಆರಿಸುವೆ.

ಕಂಪ್ಯೂಟರ್ ಬಂದಾಗ ಕಾಗದದ ಹೊರೆ ಇಳಿಯಿತೆಂದು ಹಿಗ್ಗಿದೆವು. ಎಂಟು ಚಾನಲ್, ಸೆಕೆಂಡಿಗೆ 256 ಅಳತೆ, ಒಂದೊಂದಕ್ಕೂ ಎರಡು ಬೈಟ್. ಒಂದು ಗಂಟೆಯ ದಾಖಲೆಗೆ ಸರಿಯಾಗಿ ಹತ್ತು ಫ್ಲಾಪಿ. ಮಳೆಗಾಲದಲ್ಲಿ ಅವಕ್ಕೂ ಬೂಷ್ಟು. ಅದಕ್ಕಿಂತ ದೊಡ್ಡ ಪೆಟ್ಟು ತಂತ್ರಾಂಶದ್ದು. ಒಂದು ಕಂಪನಿಯ ಹೊಸ ಆವೃತ್ತಿ ಅದರದೇ ಹಳೆಯ ಫೈಲುಗಳನ್ನು ತೆರೆಯಲಿಲ್ಲ. ಯಾವ ಯಂತ್ರದಲ್ಲೂ ಓದಬಹುದಾದ ಇಡಿಎಫ್ ಎಂಬ ಮುಕ್ತ ನಮೂನೆ 1992ರಲ್ಲೇ ಯುರೋಪಿನಲ್ಲಿ ಬಂದಿತ್ತು. ನಮ್ಮ ಕಿವಿಗೆ ಬೀಳುವಷ್ಟರಲ್ಲಿ ವರ್ಷಗಳೇ ಉರುಳಿದ್ದವು.

ಗಳಿಸಿದ್ದೇನೂ ಕಡಿಮೆಯಲ್ಲ. ಸ್ಕೇಲು ಹಿಡಿದು ಬಡಿತದಿಂದ ಬಡಿತಕ್ಕೆ ಅಂತರ ಅಳೆಯುವ ಕಣ್ಣುರಿ ತಪ್ಪಿತು. ಕಾಗದದ ಮೇಲೆ ಹೆಸರು, ಊರು ರಾಜಾರೋಷವಾಗಿ ಬರೆಯುತ್ತಿದ್ದ ಜಾಗದಲ್ಲಿ ಈಗ ಬರೀ ಸಂಕೇತ ಸಂಖ್ಯೆ, ಅದು ಆಗಲೇಬೇಕಿತ್ತು. ಆದರೆ ಪರದೆಯ ಅಂಚಿನಲ್ಲಿ ಯಾರೂ ಪೆನ್ಸಿಲ್ ಆಡಿಸುವುದಿಲ್ಲ. ನಿವೃತ್ತಿಗೆ ಮುಂಚೆ ಹಳೆಯ ಡಿಸ್ಕುಗಳನ್ನು ತೆಗೆದು ನೋಡಿದಾಗ ಅಂಕಿಗಳೆಲ್ಲ ನೆಟ್ಟಗಿದ್ದವು. ಮೂರನೇ ಚಾನಲ್ ಕೈಯದೋ ಕಾಲಿನದೋ ಹೇಳುವವರೇ ಇರಲಿಲ್ಲ. ಮೆಟ್ಟಿಲ ಕೆಳಗಿನ ಕಾಗದವನ್ನು ಮಾತ್ರ ಇಂದಿಗೂ ಯಾರು ಬೇಕಾದರೂ ಓದಬಹುದು.

ಮಂಡ್ಯದಲ್ಲೇ 2006ರಿಂದ ಸರ್ಕಾರಿ ವೈದ್ಯಕೀಯ ಕಾಲೇಜಿದೆ. ಅಲ್ಲಿ ಇಂಥ ಕೆಲಸಕ್ಕೆ ಕೈ ಹಾಕುವ ಮಕ್ಕಳಲ್ಲಿ ಒಂದು ಕೋರಿಕೆ: ಬಂದವರು ಚಪ್ಪಲಿ ಮೆಟ್ಟಿ ಹೊರಡುವ ಮುಂಚೆಯೇ ಅವರು ಏನು ತಿಂದಿದ್ದರು, ರಾತ್ರಿ ಎಷ್ಟು ಹೊತ್ತು ನಿದ್ದೆ ಮಾಡಿದ್ದರು, ಯಾವ ತಂತಿ ಎಲ್ಲಿತ್ತು ಎಂಬುದನ್ನು ಫೈಲಿನ ಜೊತೆಗೇ ಬರೆದಿಡಿ. ಇನ್ನೊಂದು ಪ್ರತಿ ಬೇರೆ ಕಟ್ಟಡದಲ್ಲಿರಲಿ.