ಹುಣಸೆಹಣ್ಣಿಗೊಂದು ಗೋಡೆ, ಅಜ್ಜಿಗೊಂದು ಚಾವಣಿ



ನಾನು ಸಿವಿಲ್ ಡಿಪ್ಲೊಮಾ ಮುಗಿಸಿ ಸೇಲಂನಲ್ಲಿ ಸೈಟ್ ಸೂಪರ್‌ವೈಸರ್ ಆಗಿದ್ದೇನೆ. ಊರು ಧರ್ಮಪುರಿ ಜಿಲ್ಲೆಯ ಪಾಲಕ್ಕೋಡು ಕಡೆ. ನಮ್ಮ ಮನೆಯೊಳಗೆ ಕನ್ನಡ, ಬೀದಿಗೆ ಬಂದರೆ ತಮಿಳು. ಊರಲ್ಲಿ ಎಲ್ಲರೂ ನನ್ನನ್ನು "ಇಂಜಿನಿಯರ್" ಅಂತಾರೆ. ಆ ಹೆಸರಿನ ಧೈರ್ಯದಲ್ಲಿ ನಾನು ಮಾಡಿದ ಒಂದು ತಪ್ಪನ್ನು ಇಲ್ಲಿ ಬರೆಯುತ್ತಿದ್ದೇನೆ. ನಿಮ್ಮಲ್ಲಿ ಯಾರ ಮನೆಯಲ್ಲಾದರೂ ಈಗ ತಾರಸಿ ಹಾಕುವ ಮಾತು ನಡೆಯುತ್ತಿದ್ದರೆ ದಯವಿಟ್ಟು ಪೂರ್ತಿ ಓದಿ.

ನಾಲ್ಕು ವರ್ಷದ ಹಿಂದೆ ಅಪ್ಪ ನಮ್ಮ ಹಳೇ ನಾಡಹೆಂಚಿನ ಮನೆ ಕೆಡವಿ ಕಾಂಕ್ರೀಟ್ ಮನೆ ಕಟ್ಟಿಸಿದರು. ಪ್ಲಾನ್ ಬರೆದವನು ನಾನೇ. ಸೆಂಟ್ರಿಂಗ್ ಬಿಚ್ಚುವ ಹೊತ್ತಿಗೆ ದುಡ್ಡು ಮುಗಿದಿತ್ತು. ನಮ್ಮ ಕಡೆ ತಾರಸಿಯ ಮೇಲೆ ಇಟ್ಟಿಗೆ ಚೂರು, ಸುಣ್ಣ ಹಾಕಿ ಬಡಿದು, ಅದರ ಮೇಲೆ ತಟ್ಟೋಡು, ಅಂದರೆ ತೆಳ್ಳನೆಯ ಮಣ್ಣಿನ ಬಿಲ್ಲೆ, ಹಾಸುವ ಪದ್ಧತಿ ಇದೆ. ಮೇಸ್ತ್ರಿ ಅದನ್ನು ಹಾಕೋಣ ಅಂದರು. "ಅದು ಮುಂದಿನ ವರ್ಷ ನೋಡೋಣ, ಮಳೆ ನೀರು ನಿಲ್ಲದಿದ್ದರೆ ಸಾಕು" ಅಂದವನು ನಾನು. ಅಪ್ಪ ಮೇಸ್ತ್ರಿ ಮಾತು ಬಿಟ್ಟು ನನ್ನ ಮಾತು ಕೇಳಿದರು, ಮಗ ಓದಿದವನಲ್ಲವೇ.

ಪಡುವಣ ಕಡೆಯ ಕೋಣೆ ಅಜ್ಜಿಗೆ. ಬಚ್ಚಲು ಹತ್ತಿರ, ಮೆಟ್ಟಿಲಿಲ್ಲ ಅಂತ ನಾನೇ ಆರಿಸಿದ್ದು. ಮಧ್ಯಾಹ್ನದಿಂದ ಸಂಜೆವರೆಗೂ ಆ ಗೋಡೆಗೆ ನೇರ ಬಿಸಿಲು. ತಲೆ ಮೇಲೆ ಐದು ಇಂಚಿನ ಬರೀ ಕಾಂಕ್ರೀಟು. ಅಪ್ಪ ತೋಟದಲ್ಲಿ, ನಾನು ಸೇಲಂನಲ್ಲಿ, ಅಮ್ಮ ಅರ್ಧ ದಿನ ಹೊರಗೆ. ಹಗಲಿಡೀ ಆ ಕೋಣೆಯಲ್ಲಿ ಇರುವವರು ಅಜ್ಜಿ ಒಬ್ಬರೇ. ಅವರು ಏನೂ ಹೇಳುತ್ತಿರಲಿಲ್ಲ. ಹೊಸ ಮನೆ, ಮೊಮ್ಮಗ ಕಟ್ಟಿಸಿದ್ದು, ಹೇಗೆ ಹೇಳುತ್ತಾರೆ?

ಮೇ ತಿಂಗಳ ಕತ್ತರಿ ಬಿಸಿಲಿನಲ್ಲಿ ಒಂದು ಸಂಜೆ ಅಮ್ಮ ಬಂದು ನೋಡಿದರೆ ಅಜ್ಜಿ ಎಚ್ಚರವಿಲ್ಲದೆ ಬಿದ್ದಿದ್ದರು. ಆಸ್ಪತ್ರೆಯಲ್ಲಿ ಎರಡು ದಿನ ಡ್ರಿಪ್ ಹಾಕಿದರು. ಡಾಕ್ಟರ್ ಕೇಳಿದ ಮೊದಲ ಪ್ರಶ್ನೆ, "ಅಜ್ಜಿ ಮಲಗುವ ಕೋಣೆ ಯಾವುದು?" ಆ ರಾತ್ರಿ ಮನೆಗೆ ಬಂದು ಸ್ಟೂಲ್ ಹತ್ತಿ ಚಾವಣಿಗೆ ಕೈ ಇಟ್ಟೆ. ಹತ್ತು ಗಂಟೆ ದಾಟಿತ್ತು. ದೋಸೆ ತೆಗೆದು ಸ್ವಲ್ಪ ಹೊತ್ತಾದ ಹೆಂಚಿನ ಹಾಗೆ ಇತ್ತು. ಕಾಂಕ್ರೀಟು ಹಗಲೆಲ್ಲ ಶಾಖ ಕುಡಿದು ರಾತ್ರಿ ಒಳಗೆ ಬಿಡುತ್ತದೆ ಅಂತ ನಾನು ಪರೀಕ್ಷೆಯಲ್ಲಿ ಬರೆದಿದ್ದೆ, ಮಾರ್ಕ್ಸೂ ಬಂದಿತ್ತು.

ಆಮೇಲೆ ಕೆಲವು ವಾರಕ್ಕೆ ಕೆಲಸದ ಮೇಲೆ ಧರ್ಮಪುರಿ ಹತ್ತಿರ ಹುಣಸೆಹಣ್ಣು ಇಡುವ ಒಂದು ಕೋಲ್ಡ್ ಸ್ಟೋರೇಜ್‌ಗೆ ಹೋಗಬೇಕಾಯಿತು. ಬಾಗಿಲು ದಾಟಿದ ಕೂಡಲೇ ಮೈ ನಡುಗಿತು. ಗೋಡೆಯೆಲ್ಲ ಪ್ಯಾನೆಲ್. ಎರಡು ತೆಳು ಉಕ್ಕಿನ ತಗಡು, ನಡುವೆ ಗಟ್ಟಿ ನೊರೆಯಂಥ ಪಫ್. ನೆಲಕ್ಕೂ ಬಿಟ್ಟಿಲ್ಲ. ಕೆಳಗೊಂದು ಕಾಂಕ್ರೀಟ್, ಮೇಲೊಂದು ಕಾಂಕ್ರೀಟ್, ನಡುವೆ ಶಾಖ ತಡೆಯುವ ಹಲಗೆ, ತೇವ ಬರದಂತೆ ಹಾಳೆ. ಸೊನ್ನೆಗಿಂತ ಕೆಳಗೆ ತಣ್ಣಗಿಡುವ ಕೋಣೆಯಲ್ಲಂತೂ ನೆಲಕ್ಕೆ ಇದನ್ನು ಹಾಕದಿದ್ದರೆ ಅಡಿಯ ಮಣ್ಣಿನ ತೇವ ಹೆಪ್ಪುಗಟ್ಟಿ ನೆಲವನ್ನೇ ಮೇಲಕ್ಕೆ ಎತ್ತಿಬಿಡುತ್ತದೆ.

ನಮ್ಮ ಅಜ್ಜಿ ಜೀವನವಿಡೀ ಮಾಡಿದ ಕೆಲಸ ಹುಣಸೆಹಣ್ಣು ಕುಟ್ಟುವುದು. ಓಡು ಬಿಡಿಸಿ, ನಾರು ತೆಗೆದು, ಬೀಜ ತೆಗೆದು, ಕಿಲೋ ಲೆಕ್ಕದಲ್ಲಿ ಕೂಲಿ. ಅಲ್ಲಿ ಅಟ್ಟಿ ಇಟ್ಟಿದ್ದ ಮೂಟೆಗಳನ್ನು ನೋಡುತ್ತಾ ನಿಂತೆ. ಆ ಹಣ್ಣು ಕಪ್ಪಾಗಬಾರದು ಅಂತ ನೆಲದಿಂದ ಚಾವಣಿವರೆಗೆ ಇಷ್ಟು ಯೋಚನೆ. ಅದನ್ನು ಬಿಡಿಸಿದ ಕೈಗೆ ನಾನು ಕೊಟ್ಟದ್ದು ಬರೀ ಐದು ಇಂಚು ಸ್ಲ್ಯಾಬ್.

ಅವತ್ತಿನಿಂದ ಇದನ್ನೇ ಓದತೊಡಗಿದೆ. ಪ್ರತಿ ಡಿಸೆಂಬರ್‌ನಲ್ಲಿ ನಾವು ಗೋದಲಿಗೆ ಬೆಟ್ಟ ಮಾಡಲು ಕತ್ತರಿಸುತ್ತೇವಲ್ಲ, ಥರ್ಮಾಕೋಲ್, ಅದರಲ್ಲಿ ಮುಕ್ಕಾಲಿಗಿಂತ ಎಷ್ಟೋ ಹೆಚ್ಚು ಪಾಲು ಬರೀ ಗಾಳಿ. ಅಲುಗಾಡದೆ ಸಿಕ್ಕಿಕೊಂಡ ಗಾಳಿ ಶಾಖವನ್ನು ಬೇಗ ದಾಟಿಸುವುದಿಲ್ಲ. 5 ಸೆಂಟಿಮೀಟರ್ ಥರ್ಮಾಕೋಲ್ ತಡೆಯುವಷ್ಟನ್ನು ಕಾಂಕ್ರೀಟಿನಿಂದಲೇ ತಡೆಯಬೇಕಾದರೆ ಸುಮಾರು 2 ಮೀಟರ್ ದಪ್ಪ ಬೇಕು! ಇದನ್ನೇ ಹೊಟ್ಟೆಯಲ್ಲಿಟ್ಟು ಗೋಡೆಯ ಪ್ಯಾನೆಲ್ ಮಾಡುತ್ತಾರೆ. ಎರಡೂ ಕಡೆ ತಂತಿ ಜಾಲರಿ, ಜಾಲರಿಗಳನ್ನು ಜೋಡಿಸಲು ಥರ್ಮಾಕೋಲ್ ತೂರಿ ಹೋಗುವ ತಂತಿ. ನಿಲ್ಲಿಸಿದ ಮೇಲೆ ಎರಡೂ ಮುಖಕ್ಕೆ ಕಾಂಕ್ರೀಟನ್ನು ಪಂಪಿನಿಂದ ಚಿಮ್ಮಿಸುತ್ತಾರೆ. ನೆಲ ಮತ್ತು ಚಾವಣಿಗಾದರೆ ನಡುನಡುವೆ ಕಂಬಿ ಕಟ್ಟಿ ಮೇಲೆ ಕಾಂಕ್ರೀಟ್ ಸುರಿಯುತ್ತಾರೆ. 2021ರ ಜನವರಿ 1ರಂದು ಶಂಕುಸ್ಥಾಪನೆಯಾದ ಕೇಂದ್ರದ ಲೈಟ್ ಹೌಸ್ ಯೋಜನೆಗಳಲ್ಲಿ ಇಂದೋರಿನ 1,024 ಮನೆಗಳಿಗೆ ಇದರ ಇನ್ನೊಂದು ಬಗೆ ಬಳಸಿದ್ದಾರೆ. ಅದರಲ್ಲಿ ಥರ್ಮಾಕೋಲ್ ಕಾಳನ್ನು ಸಿಮೆಂಟು, ಹಾರುಬೂದಿಯ ಜೊತೆ ಕಲಸಿ ಎರಡು ಹಲಗೆಗಳ ನಡುವೆ ತುಂಬುತ್ತಾರೆ. ಹಾರುಬೂದಿ ಅಂದರೆ ಮೆಟ್ಟೂರು ಥರ್ಮಲ್‌ನಿಂದ ಲಾರಿಗಳಲ್ಲಿ ಬರುತ್ತದಲ್ಲ, ಅಂಥದ್ದೇ.

2018ರ ಇಕೋ ನಿವಾಸ್ ಸಂಹಿತೆಯಲ್ಲಿ ಚಾವಣಿಗೆ ಒಂದು ಮಿತಿಯೂ ಇದೆ. ಒಳಗೂ ಹೊರಗೂ ಒಂದು ಡಿಗ್ರಿ ವ್ಯತ್ಯಾಸವಿದ್ದಾಗ ಪ್ರತಿ ಚದರ ಮೀಟರಿಗೆ 1.2 ವ್ಯಾಟ್‌ಗಿಂತ ಹೆಚ್ಚು ಶಾಖ ದಾಟಬಾರದು. ನಮ್ಮನೆಯಂಥ ಬರೀ ಸ್ಲ್ಯಾಬಿನಲ್ಲಿ ಅದು 3ರ ಆಸುಪಾಸು.

ಕಟ್ಟಿದ ಮನೆಯನ್ನು ಮತ್ತೆ ಕೆಡವಲು ಆಗುತ್ತದೆಯೇ? ತಾರಸಿಯ ಮೇಲೆ ಹಲಗೆ ಹಾಸೋಣ ಅಂತ ಅಪ್ಪನಿಗೆ ಹೇಳಿದೆ.

"ಏನು, ಟಿವಿ ಡಬ್ಬಿಯೊಳಗೆ ಬರುತ್ತಲ್ಲ, ಅದಾ?"

"ಅದರ ಅಣ್ಣ ಅಪ್ಪ. ಇದು ಗಟ್ಟಿ, ನೀರು ಕುಡಿಯಲ್ಲ, ಮೇಲೆ ಓಡಾಡಬಹುದು."

"ಹೋದ ಸಲ ನಿನ್ನ ಮಾತು ಕೇಳಿಯೇ ಹೀಗಾಗಿದ್ದು" ಅಂದರು ಅಪ್ಪ. ನನಗೆ ಉತ್ತರ ಹೊಳೆಯಲಿಲ್ಲ. ಸೇಲಂಗೆ ಬಸ್ಸಿನಲ್ಲಿ ಹೋಗುವಾಗ ತೊಪ್ಪೂರು ಘಾಟ್ ಇಳಿಯುವವರೆಗೂ ಆ ಮಾತೇ ಕಿವಿಯಲ್ಲಿತ್ತು. ಎರಡು ದಿನ ಬಿಟ್ಟು ಅವರೇ ಫೋನ್ ಮಾಡಿ, "ಅಜ್ಜಿ ಕೋಣೆ ಮೇಲೆ ಮಾತ್ರ ಮೊದಲು ಹಾಕು, ನೋಡೋಣ" ಅಂದರು.

ಫೆಬ್ರವರಿಯಲ್ಲಿ ಹಾಕಿದೆವು. ಮೊದಲು ನೀರು ಇಳಿಯದ ಲೇಪ, ಮೇಲೆ ಎರಡು ಇಂಚಿನ ಎಕ್ಸ್‌ಪಿಎಸ್ ಹಲಗೆ, ಅದರ ಮೇಲೆ ಜಾಲರಿ ಹಾಕಿ ತೆಳು ಕಾಂಕ್ರೀಟ್, ಕೊನೆಗೆ ಬಿಳಿ ಟೈಲ್ಸ್. ಹಲಗೆ ಹೊರಗಡೆಯೇ ಇರಬೇಕು. ಒಳಗೆ ಫಾಲ್ಸ್ ಸೀಲಿಂಗ್ ಹಾಕಿ ಅದರೊಳಗೆ ಥರ್ಮಾಕೋಲ್ ತುಂಬುವವರಿದ್ದಾರೆ. ಕೋಣೆಗೆ ಸ್ವಲ್ಪ ಅನುಕೂಲವಾಗುತ್ತದೆ ನಿಜ, ಆದರೆ ಮೇಲಿನ ಸ್ಲ್ಯಾಬ್ ದಿನವೂ ಕಾದು ಹಿಗ್ಗಿ, ಆರಿ ಕುಗ್ಗಿ ಬಿರುಕು ಬಿಡುವುದು ತಪ್ಪುವುದಿಲ್ಲ. ಗೋದಲಿಯಲ್ಲಿ ಉಳಿದ ತುಂಡುಗಳನ್ನಂತೂ ಮನೆಯೊಳಗೆ ಎಲ್ಲೂ ಅಂಟಿಸಬೇಡಿ. ಬೆಂಕಿ ತಾಗಿದರೆ ಕ್ಷಣದಲ್ಲಿ ಹತ್ತಿ ಕಪ್ಪು ಹೊಗೆ ಬಿಡುತ್ತದೆ. ಬೆಂಕಿ ತಡೆಯುವ ದರ್ಜೆಯದ್ದನ್ನೇ ಕೇಳಿ ತಗೊಳ್ಳಬೇಕು, ಅದನ್ನೂ ಕಾಂಕ್ರೀಟು, ಗಾರೆಯಿಂದ ಪೂರ್ತಿ ಮುಚ್ಚಬೇಕು.

ಇನ್ನೊಂದು ವಿಷಯ. ಪ್ಯಾನೆಲ್ ಹಾಕಿದ ಮಾತ್ರಕ್ಕೆ ಮನೆ ತಣ್ಣಗಾಗುವುದಿಲ್ಲ, ಶಾಖ ಬರುವುದು ನಿಧಾನವಾಗುತ್ತದೆ ಅಷ್ಟೇ. ರಾತ್ರಿ ಕಿಟಕಿ ತೆರೆಯದಿದ್ದರೆ ಒಳಗಿನ ಬಿಸಿ ಒಳಗೇ ಉಳಿಯುತ್ತದೆ. ಇದು ಅಜ್ಜಿಗೆ ನಾನು ಹೇಳಿಕೊಡಬೇಕಾಗಲಿಲ್ಲ. ಹೆಂಚಿನ ಮನೆಯಲ್ಲಿ ಅರವತ್ತು ವರ್ಷ ಅವರು ಮಾಡುತ್ತಿದ್ದದ್ದೇ ಅದು.

ಈ ಮೇನಲ್ಲಿ ಮತ್ತೆ ರಾತ್ರಿ ಸ್ಟೂಲ್ ಹತ್ತಿ ಕೈ ಇಟ್ಟು ನೋಡಿದೆ. ಅಜ್ಜಿಯ ಕೋಣೆಯ ಚಾವಣಿ ಬೆಚ್ಚಗಿತ್ತು. ಪಕ್ಕದ ಹಾಲಿನದು ಸುಡುತ್ತಿತ್ತು. ಅಪ್ಪನೂ ಹತ್ತಿ ಎರಡೂ ಕಡೆ ಕೈ ಇಟ್ಟು ನೋಡಿದರು. ಏನೂ ಮಾತಾಡದೆ ಚಾಪೆ ತಂದು ಅಜ್ಜಿಯ ಕೋಣೆಯಲ್ಲೇ ಮಲಗಿದರು.

ಪಡುವಣ ಗೋಡೆ ಇನ್ನೂ ಹಾಗೇ ಇದೆ. ಅದಕ್ಕೆ ಹೊರಗಿನಿಂದ ಹಲಗೆ ಕಟ್ಟಿ ಗಾರೆ ಮಾಡಬೇಕು. ಟೊಮೆಟೊಗೆ ಒಳ್ಳೆ ರೇಟು ಬಂದರೆ ಈ ವರ್ಷವೇ ಅಂದಿದ್ದಾರೆ ಅಪ್ಪ. ಅಲ್ಲಿವರೆಗೆ ಅಜ್ಜಿ ಗೋಡೆಗೆ ಒರಗಿಸಿ ಚಪ್ಪರ ಹಾಕಿಸಿ ಅವರೆ ಬಳ್ಳಿ ಹಬ್ಬಿಸಿದ್ದಾರೆ. ಸಂಜೆ ಅದರ ನೆರಳಲ್ಲೇ ಕೂತು ಹುಣಸೆಹಣ್ಣು ಬಿಡಿಸುತ್ತಾರೆ. ಬೇಡ ಅಂದರೆ ಕೇಳುವುದಿಲ್ಲ.