ತುಕ್ಕೆಂದು ಉಜ್ಜಿದ್ದು

ಟೋಕಿಯೊದ ಹಳೆ ಸಾಮಾನಿನ ಸಂತೆಯೊಂದರಲ್ಲಿ ನಾವಿಬ್ಬರೂ ಅಂಗೈಯಗಲದ ಕಬ್ಬಿಣದ ಬಿಲ್ಲೆಯೊಂದನ್ನು ಕೊಂಡೆವು. ಸಮುರಾಯಿಗಳ ಕತ್ತಿಯಲ್ಲಿ ಹಿಡಿಗೂ ಅಲಗಿಗೂ ನಡುವೆ ಕೂರುವ ಅದಕ್ಕೆ ‘ತ್ಸುಬ’ ಎಂದು ಹೆಸರು. ಕೈ ಜಾರಿ ಅಲಗಿನ ಮೇಲೆ ಹೋಗದಂತೆ ಕಾಯುವುದು ಅದರ ಕೆಲಸ. ನಡುವಿನ ತೂತು ಅಲಗಿನ ಬುಡಕ್ಕೆ, ಪಕ್ಕದ ಸಣ್ಣ ಕಿಂಡಿ ಒರೆಯಲ್ಲಿ ಸಿಕ್ಕಿಸುವ ಪುಟ್ಟ ಚಾಕುವಿಗೆ.

ಅಂದು ಮನೆಗೆ ಬಂದು ನಾವು ಮಾಡಿದ್ದನ್ನು ಹೇಳಲು ಈಗಲೂ ನಾಚಿಕೆಯಾಗುತ್ತದೆ. ಪಾತ್ರೆ ತಿಕ್ಕುವ ಉಕ್ಕಿನ ನಾರಿನಿಂದ ಅದರ ಕಪ್ಪನ್ನು ಉಜ್ಜತೊಡಗಿದೆವು. ಒಂದು ಬದಿ ಬೆಳ್ಳಗೆ ಹೊಳೆದಾಗ ಹಿಗ್ಗಿದೆವು. ಮುಂದಿನ ಸಂತೆಯಲ್ಲಿ ಅದನ್ನು ಮಾರಿದ್ದ ಹಿರಿಯರಿಗೇ ತೋರಿಸಿದೆವು. ಅವರು ಬೈಯಲಿಲ್ಲ. ಹೊಳೆಯುವ ಜಾಗವನ್ನು ಹೆಬ್ಬೆರಳಿನಿಂದ ಮುಚ್ಚಿ, ಬಿಲ್ಲೆಯ ಅಂಚನ್ನು ಬೆಳಕಿಗೆ ಹಿಡಿದರು.

ಅಂಚಿನುದ್ದಕ್ಕೂ ಕೂದಲೆಳೆಯಂಥ ಗೆರೆಗಳು! ಕಬ್ಬಿಣವನ್ನು ಕಾಯಿಸಿ, ಬಡಿದು, ಮಡಿಚಿ, ಮತ್ತೆ ಬಡಿದಾಗ ಉಳಿದ ಪದರಗಳವು. ಅಲ್ಲಲ್ಲಿ ನಯವಾದ ಗಂಟುಗಳಿದ್ದವು. ಜಪಾನೀಯರು ಇವನ್ನು ‘ತೆಕ್ಕೊತ್ಸು’, ಅಂದರೆ ಕಬ್ಬಿಣದ ಮೂಳೆ ಎನ್ನುತ್ತಾರೆ. ಕಬ್ಬಿಣದ ಮರಳನ್ನು ಇದ್ದಿಲಿನೊಂದಿಗೆ ಕಾಯಿಸಿ ಪಡೆದ ಲೋಹದಲ್ಲಿ ಇಂಗಾಲ ಎಲ್ಲೆಡೆ ಒಂದೇ ಸಮನಾಗಿರುವುದಿಲ್ಲ. ಇಂಗಾಲ ಹೆಚ್ಚಿರುವ ಭಾಗ ಗಡುಸು. ಸುತ್ತಲಿನ ಮೆದು ಕಬ್ಬಿಣ ಸವೆದರೂ ಅದು ಉಬ್ಬಿ ನಿಲ್ಲುತ್ತದೆ. ಎರಕ ಹೊಯ್ದ ನಕಲಿಗೆ ಈ ಪದರಗಳೂ ಇಲ್ಲ, ಮೂಳೆಯೂ ಇಲ್ಲ.

ಹಾಗಾದರೆ ಆ ಕಪ್ಪು? ನಾವು ಕೊಳೆಯೆಂದುಕೊಂಡದ್ದು ಕಮ್ಮಾರನೇ ಬೇಕೆಂದು ಬರಿಸಿದ ಬಣ್ಣ. ಸುತ್ತಿಗೆ ಕೆಳಗಿಟ್ಟ ಮೇಲೂ ಅವನ ಕೆಲಸ ಮುಗಿಯುತ್ತಿರಲಿಲ್ಲ. ಹದವಾಗಿ ತುಕ್ಕು ಬರಿಸಿ, ಅದನ್ನು ಗಟ್ಟಿ ಕಪ್ಪಾಗಿ ನಿಲ್ಲಿಸಬೇಕಿತ್ತು. ಕಬ್ಬಿಣವನ್ನು ತಿನ್ನುವ ಕೆಂಪು ತುಕ್ಕನ್ನು ಮಾತ್ರ ಮೂಳೆಯ ಅಥವಾ ಜಿಂಕೆ ಕೊಂಬಿನ ಚೂರಿನಿಂದ ಮೆಲ್ಲನೆ ಕೆರೆದು, ಹತ್ತಿ ಬಟ್ಟೆಯಲ್ಲಿ ಒರೆಸಬೇಕು. ನಾವು ಅವನ ಕೊನೆಯ ಶ್ರಮವನ್ನೇ ಅಳಿಸಿದ್ದೆವು.

1876ರಲ್ಲಿ ಜಪಾನಿನ ಸರ್ಕಾರ ಸಾರ್ವಜನಿಕವಾಗಿ ಕತ್ತಿ ಧರಿಸಿ ಓಡಾಡುವುದನ್ನು ನಿಷೇಧಿಸಿತು. ಅದರೊಂದಿಗೆ ತ್ಸುಬ ಮಾಡುವವರ ಅನ್ನವೂ ಹೋಯಿತು. ಕಾನೊ ನತ್ಸುಓರಂಥ (1828–1898) ಹೆಸರಾಂತ ಕೆತ್ತನೆಗಾರರಿಗೆ ಹೊಸ ನಾಣ್ಯಗಳ ವಿನ್ಯಾಸದ ಕೆಲಸ ಸಿಕ್ಕಿತ್ತು. ಎಲ್ಲರಿಗೂ ಆ ಭಾಗ್ಯ ಎಲ್ಲಿಂದ ಬರಬೇಕು?

ನಮ್ಮ ತ್ಸುಬದ ಮೇಲೆ ಯಾರ ಹೆಸರೂ ಇಲ್ಲ. ಹೆಸರು ಕೊರೆಯದವನು ಬಿಟ್ಟುಹೋದ ಗುರುತು ಆ ಪದರ, ಆ ಕಪ್ಪು ಮಾತ್ರ. ಹಳೆಯದನ್ನು ಕಂಡೊಡನೆ ತೊಳೆದು ಹೊಳೆಯಿಸಬೇಕೆನ್ನುವ ನಮ್ಮ ಆತುರಕ್ಕೆ ಅದೂ ಕಾಣಲಿಲ್ಲ. ಈಗ ದಿನವೂ ಬಟ್ಟೆಯಿಂದ ಒರೆಸುತ್ತೇವೆ. ನಾವು ಉಜ್ಜಿದ ಜಾಗ ಇನ್ನೂ ಬೆಳ್ಳಗೇ ಇದೆ.