ಪೆಟ್-ಸಿಟಿಗೆ ಹೊರಟವರು ಚಹಾ ಕುಡಿಯಬೇಡಿ

ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗದ ಕಡೆಯಿಂದ ಪೆಟ್-ಸಿಟಿ ಸ್ಕ್ಯಾನಿಗೆ ಹೋಗುವವರು ನಸುಕಿನ ಬಸ್ಸು ಹಿಡಿಯುತ್ತಾರೆ. ಬಸ್‌ಸ್ಟ್ಯಾಂಡಿನಲ್ಲಿ ಒಂದು ಕಪ್ ಚಹಾ ಬೇಕೇ ಬೇಕು. ನಮಗೆ ಗೊತ್ತಿರುವ ಕಾಕಾ ಒಬ್ಬರು ಹಾಗೆ ಕುಡಿದು ಹೋದರು, ಅಂದು ಸ್ಕ್ಯಾನ್ ಆಗಲಿಲ್ಲ. “ಚಹಾ ಅಂದ್ರ ಊಟ ಏನ್ರೀ?” ಎಂದು ನಮ್ಮನ್ನೇ ಕೇಳಿದರು. ಉಪವಾಸ ಬರ್ರಿ ಅಂದವರು ಯಾಕೆಂದು ಹೇಳಿರಲಿಲ್ಲ.

ನರಕ್ಕೆ ಚುಚ್ಚುವ ಎಫ್‌ಡಿಜಿ ಎಂಬ ಔಷಧಿಯೇ ಸಕ್ಕರೆಯಂಥದ್ದು. ಅದರಲ್ಲಿ ವಿಕಿರಣ ಸೂಸುವ ಫ್ಲೋರಿನ್-18 ಇರುತ್ತದೆ. ಕ್ಯಾನ್ಸರ್ ಗಡ್ಡೆಗಳು ಸಾಮಾನ್ಯವಾಗಿ ಸಕ್ಕರೆಯನ್ನು ಹೆಚ್ಚು ಎಳೆದುಕೊಳ್ಳುತ್ತವೆ, ಚಿತ್ರದಲ್ಲಿ ಆ ಜಾಗ ಹೊಳೆಯುತ್ತದೆ. ಅದು ಮೈಯೊಳಗೆ ನಿಖರವಾಗಿ ಎಲ್ಲಿದೆ ಎಂದು ತೋರಿಸುವುದು ಸಿಟಿಯ ಎಕ್ಸ್‌ರೇ. ಚಹಾದ ಸಕ್ಕರೆ ಹೊಟ್ಟೆಗೆ ಬಿದ್ದರೆ ಇನ್ಸುಲಿನ್ ಏರಿ, ಔಷಧಿ ಮಾಂಸಖಂಡಗಳ ಪಾಲಾಗುತ್ತದೆ. ಅದಕ್ಕೇ 4ರಿಂದ 6 ತಾಸು ಬರೀ ನೀರು. ಸಕ್ಕರೆ ಕಾಯಿಲೆಯವರು ಗುಳಿಗೆ, ಇನ್ಸುಲಿನ್ ತಾವಾಗಿಯೇ ಬಿಡದೆ ಹಿಂದಿನ ದಿನವೇ ಫೋನ್ ಮಾಡಿ ಕೇಳಲಿ.

ತಡವೂ ಮಾಡುವಂತಿಲ್ಲ. ಸುಮಾರು 110 ನಿಮಿಷ ಕಳೆದರೆ ಫ್ಲೋರಿನ್-18 ಅರ್ಧವೇ ಉಳಿಯುತ್ತದೆ, ಮುಂದಿನ ಬಸ್ಸಿಗೆ ಹೋದರಾಯಿತು ಎನ್ನುವ ಮಾತೇ ಇಲ್ಲ.

ಚುಚ್ಚಿದ ಮೇಲೆ ಒಂದು ತಾಸು ಸುಮ್ಮನೆ ಮಲಗಬೇಕು. ಸ್ಕ್ಯಾನಿಗೆ ಅರ್ಧ ತಾಸು. ನಂತರ ನೀರು ಹೆಚ್ಚು ಕುಡಿಯಬೇಕು. ಅಂದು ಮೊಮ್ಮಕ್ಕಳನ್ನು ಎತ್ತಿಕೊಳ್ಳುವುದು ಬೇಡ, ಬರುವಾಗ ಬಸ್ಸಿನಲ್ಲಿ ಬಸುರಿಯರ ಪಕ್ಕದ ಸೀಟೂ ಬೇಡ.